ತಾ ಬಾರಿಸಿದ್ರ ಚಂದ, ಮಂದಿ ಬಾರಿಸಿದ್ರ ಸಿಟ್ಟು: ಸೆನ್ಸರಿ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದವು. ಆಟಿಸಂ (ಮಿದುಳಿನ ಬೆಳವಣಿಗೆಯೇ ಬೇರೆ ಥರ ಇದ್ದು, ಮಾತು, ಮಂದಿ ಜೊತೆ ಬೆರೆಯುವುದು ಕಷ್ಟವಾಗುವ ಸ್ಥಿತಿ) ಇರುವ ಮಕ್ಕಳು ಸದ್ದಿಗೆ, ಮೈ ಮುಟ್ಟಿದರೆ, ವಾಸನೆ ಬಂದರೆ, ತಾಟಿನ ಮುಂದೆ ಕೂತರೆ ಹೀಗ್ಯಾಕೆ ಮಾಡುತ್ತಾರೆ ಅಂತ. ಥೆರಪಿಗೆ ಅಲೆಯುವ ಎಲ್ಲ ಅಪ್ಪ ಅಮ್ಮಂದಿರ ಬಾಯಲ್ಲಿ ಈಗ 'ಸೆನ್ಸರಿ' ಅನ್ನುವ ಮಾತು ಇದೆ. ಅದೇನು ಅಂತ ಕೂರಿಸಿಕೊಂಡು ಹೇಳಿದವರು ಕಮ್ಮಿ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ತರುವ ಸುದ್ದಿಯನ್ನು ಮಿದುಳು ಹೇಗೆ ತಗೊಳ್ಳುತ್ತದೆ ಅನ್ನುವುದೇ ಸೆನ್ಸರಿ. ನಾನು ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಊಟ, ಬಟ್ಟೆ, ಆಟದಂಥ ದಿನದ ಕೆಲಸಗಳನ್ನು ಮಕ್ಕಳಿಗೆ ರೂಢಿ ಮಾಡಿಸುವವಳು, ದಿನಾ ನೋಡುವುದು ಇದನ್ನೇ. ಹಾಗಾಗಿ ಈ ತಿಂಗಳು ಪೂರ್ತಿ ಇದಕ್ಕೇ ಇಟ್ಟಿದ್ದೇನೆ. ಶೀತ, ಕೆಮ್ಮು, ಹಾಲು ಕುಡಿಯುವುದಿಲ್ಲ ಅಂತ ಬರೆದವರು ಒಂದು ತಿಂಗಳು ತಡೆದುಕೊಳ್ಳಬೇಕು.

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಆರು ವರ್ಷ. ಆಟಿಸಂ ಅಂತ ಗೊತ್ತಾಗಿ ಎರಡು ವರ್ಷ ಆಯಿತು. ಹೋಳಿ ಹತ್ತಿರ ಬಂತು ಅಂದರೆ ನಮ್ಮ ಓಣಿಯ ಹುಡುಗರು ಹಲಗಿ ಬಾರಿಸಲು ಶುರು ಮಾಡುತ್ತಾರೆ. ಇವನು ಎರಡೂ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರಿಬಿಡುತ್ತಾನೆ, ಕೈ ಕಚ್ಚಿಕೊಳ್ಳುತ್ತಾನೆ, ಊಟಕ್ಕೂ ಹೊರಗೆ ಬರುವುದಿಲ್ಲ. ಆದರೆ ಅದೇ ಹುಡುಗ ಸ್ಟೀಲ್ ತಾಟು ತಗೊಂಡು ನೆಲಕ್ಕೆ ಗಂಟೆಗಟ್ಟಲೆ ಬಡಿಯುತ್ತಾನೆ, ಟಿವಿ ಸೌಂಡು ತಾನೇ ಏರಿಸುತ್ತಾನೆ. ನಮ್ಮ ಅತ್ತೆಯವರು "ತಾ ಬಾರಿಸಿದ್ರ ಚಂದ, ಮಂದಿ ಬಾರಿಸಿದ್ರ ಸಿಟ್ಟು, ಎಲ್ಲಾ ನಾಟಕ ಅವಂದು" ಅನ್ನುತ್ತಾರೆ. ಅವರು ಹೇಳುವುದು ಸರಿನಾ?
(ಒಬ್ಬ ತಾಯಿ, ಹುಬ್ಬಳ್ಳಿ)

ಉತ್ತರ: ನಿಮ್ಮ ಅತ್ತೆಯವರು ಕಂಡಿದ್ದು ಸರಿ, ತಿಳಿದುಕೊಂಡಿದ್ದು ತಪ್ಪು. ತಾ ಬಾರಿಸುವುದಕ್ಕೂ ಮಂದಿ ಬಾರಿಸುವುದಕ್ಕೂ ನಿಜವಾಗಿ ಬಹಳ ವ್ಯತ್ಯಾಸ ಇದೆ. ತಾಟು ಬಡಿಯುವಾಗ ಮುಂದಿನ ಪೆಟ್ಟು ಯಾವಾಗ, ಎಷ್ಟು ಜೋರು, ಎಲ್ಲಿ ನಿಲ್ಲಿಸಬೇಕು, ಎಲ್ಲಾ ಅವನ ಕೈಯಲ್ಲೇ ಇದೆ. ಓಣಿಯ ಹಲಗಿ ಹಾಗಲ್ಲ. ಯಾವ ಮೂಲೆಯಿಂದ ಬರುತ್ತದೋ, ಯಾವಾಗ ನಿಲ್ಲುತ್ತದೋ ಯಾರಿಗೆ ಗೊತ್ತು? ಬೇಕಾದರೆ ಅತ್ತೆಯವರಿಗೆ ಹೇಳಿ ನೋಡಿ, ತಮಗೆ ತಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುತ್ತದಾ ಅಂತ. ಬರುವುದಿಲ್ಲ. ನಮ್ಮ ಕೈ ಏನು ಮಾಡಲಿದೆ ಅಂತ ಮಿದುಳಿಗೆ ಮೊದಲೇ ಗೊತ್ತಿರುತ್ತದೆ, ಅದಕ್ಕೇ ಅದು ಆ ಸುದ್ದಿಯನ್ನು ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಬೇರೆಯವರು ಇಟ್ಟರೆ ಮೈಯೆಲ್ಲಾ ಮುದುಡುತ್ತದೆ. ನಿಮ್ಮ ಮಗನಿಗೆ ಸದ್ದಿನ ವಿಷಯದಲ್ಲೂ ಹೆಚ್ಚುಕಮ್ಮಿ ಇದೇ, ನಮಗಿಂತ ಎಷ್ಟೋ ಪಟ್ಟು ಜಾಸ್ತಿ.

ಇನ್ನೊಂದು ಮಾತು. ನೀವು ದುರ್ಗದಬೈಲಿನಲ್ಲಿ ನಿಂತು ಕೊತ್ತಂಬರಿ ಸಿವುಡಿಗೆ ಚೌಕಾಸಿ ಮಾಡುವಾಗ ಹಿಂದೆ ಆಟೋ ಹಾರನ್ ಹೊಡೆಯುತ್ತಿರುತ್ತದೆ, ಪಕ್ಕದಲ್ಲಿ ಗಿರಮಿಟ್ ಗಾಡಿಯವನು ಕೂಗುತ್ತಿರುತ್ತಾನೆ, ಮಿರ್ಚಿ ಕರಿಯುವ ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿರುತ್ತದೆ. ಆದರೂ ನಿಮ್ಮ ಕಿವಿಗೆ ಬೀಳುವುದು ಕೊತ್ತಂಬರಿಯವಳು ಹೇಳುವ ರೇಟು ಮಾತ್ರ. ಉಳಿದದ್ದನ್ನೆಲ್ಲ ಮಿದುಳು ಸುಮ್ನೆ ಹಿಂದಕ್ಕೆ ತಳ್ಳುತ್ತದೆ. ಆಟಿಸಂ ಇರುವ ಎಷ್ಟೋ ಮಕ್ಕಳಲ್ಲಿ ಈ ಜರಡಿ ನಮ್ಮ ಹಾಗೆ ಕೆಲಸ ಮಾಡುವುದಿಲ್ಲ. ಎಲ್ಲವೂ ಒಟ್ಟಿಗೆ, ಒಂದೇ ಜೋರಿನಲ್ಲಿ ಮುಂದೆ ಬಂದು ನಿಲ್ಲುತ್ತವೆ.

ಇದು ನಿನ್ನೆ ಮೊನ್ನೆ ಕಂಡಿದ್ದಲ್ಲ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಎಂಬ ಮನೋವೈದ್ಯರು 11 ಮಕ್ಕಳ ಬಗ್ಗೆ ಬರೆದರು, ಆಟಿಸಂ ಬಗ್ಗೆ ಮೊದಮೊದಲು ಬಂದ ದೊಡ್ಡ ಬರಹ ಅದು. ಆ ಮಕ್ಕಳು ಜೋರು ಸದ್ದಿಗೆ ಹೇಗೆ ಬೆಚ್ಚಿಬೀಳುತ್ತಿದ್ದರು ಅನ್ನುವುದು ಅದರಲ್ಲೇ ಇದೆ. ಆದರೂ ರೋಗಲಕ್ಷಣಗಳ ಪಟ್ಟಿಯಲ್ಲಿ ಇದಕ್ಕೊಂದು ಸರಿಯಾದ ಜಾಗ ಸಿಕ್ಕಿದ್ದು 2013ರಲ್ಲಿ. ಅಮೆರಿಕದ ಮನೋವೈದ್ಯರ ಸಂಘ ಆ ವರ್ಷ ಹೊರತಂದ, ನಮ್ಮ ವೈದ್ಯರೂ ನೋಡುವ ಡಿಎಸ್‌ಎಂ-5 ಕೈಪಿಡಿಯಲ್ಲಿ. ಅಲ್ಲಿಯತನಕ ಎಷ್ಟು ಮಕ್ಕಳು 'ನಾಟಕ' ಅಂತ ಏಟು ತಿಂದಿರಬಹುದು, ಯೋಚಿಸಿ.

ನಾನೇ ಎಡವಿದ್ದೂ ಇದೆ. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗ ಕೋಣೆಗೆ ಕಾಲಿಟ್ಟ ಕೂಡಲೇ ಅಳುತ್ತಿದ್ದ. ಕಾರಿಡಾರಿನಲ್ಲಿ ಚೆನ್ನಾಗಿರುತ್ತಿದ್ದ, ಒಳಗೆ ಬಂದರೆ ಮುಗಿಯಿತು. ನನ್ನನ್ನು ಕಂಡರೆ ಆಗುವುದಿಲ್ಲ ಅಂದುಕೊಂಡೆ. ಆಟಿಕೆ ಬದಲಾಯಿಸಿದೆ, ಸೀರೆ ಬಿಟ್ಟು ಚೂಡಿದಾರ ಹಾಕಿಕೊಂಡು ಬಂದೆ, ಅವರ ಅಮ್ಮನನ್ನು ಪಕ್ಕದಲ್ಲಿ ಕೂರಿಸಿದೆ. ಹೀಗೇ ಮೂರು ವಾರ. ಒಂದು ದಿನ ಕರೆಂಟು ಹೋಯಿತು, ಅಳು ಟಕ್ ಅಂತ ನಿಂತಿತು! ತಲೆ ಮೇಲಿದ್ದ ಹಳೇ ಟ್ಯೂಬ್‌ಲೈಟಿನ ಚೋಕು ಗುಂಯ್ ಅನ್ನುತ್ತಿತ್ತು. ಅದರ ಕೆಳಗೆ ವರ್ಷಗಟ್ಟಲೆ ಕೂತಿದ್ದ ನನಗೆ ಅದೊಂದು ಸದ್ದು ಇದೆ ಅಂತಲೇ ಗೊತ್ತಿರಲಿಲ್ಲ. ಆವತ್ತಿನಿಂದ ಮಗು ಅತ್ತರೆ ಮೊದಲು ಕೋಣೆ ನೋಡುತ್ತೇನೆ, ಆಮೇಲೆ ಮಗುವನ್ನು.

ಈಗ ನಿಮ್ಮ ಹೋಳಿ. ಹಲಗಿ ನಿಲ್ಲಿಸಿ ಅಂತ ಹುಬ್ಬಳ್ಳಿಯಲ್ಲಿ ಯಾರಿಗೂ ಹೇಳುವ ಹಾಗಿಲ್ಲ, ಹೇಳುವುದೂ ಬೇಡ. ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಗುರುತು ಹಾಕಿ, ಹಲಗಿಯ ಚಿತ್ರ ಅಂಟಿಸಿ, ದಿನಾ ಬೆಳಿಗ್ಗೆ ತೋರಿಸಿ. ಮೊಬೈಲಿನಲ್ಲಿ ಹಲಗಿ ಸದ್ದು ರೆಕಾರ್ಡ್ ಮಾಡಿ ಅವನ ಕೈಗೆ ಕೊಡಿ, ಏರಿಸುವುದು ಇಳಿಸುವುದು ಅವನೇ ಮಾಡಲಿ, ನೀವು ಬಟನ್ ಮುಟ್ಟಬೇಡಿ. ಕಿವಿ ಮೇಲೆ ಕೂರುವ ಇಯರ್‌ಮಫ್ ಒಂದು ತನ್ನಿ, ಹಬ್ಬಕ್ಕೆ ಮೊದಲೇ ಮನೆಯಲ್ಲಿ ಹಾಕಿ ರೂಢಿ ಮಾಡಿಸಿ. ಗದ್ದಲ ಇದ್ದಾಗ ಮಾತ್ರ ಅದು. ದಿನವಿಡೀ ಹಾಕಿಟ್ಟರೆ ಸಣ್ಣ ಸದ್ದಿಗೂ ಬೆಚ್ಚುವುದು ಜಾಸ್ತಿ ಆಗಬಹುದು. ರಂಗಪಂಚಮಿಯ ದಿನ ಸಾಧ್ಯ ಇದ್ದರೆ ಹಳ್ಳಿಯ ನೆಂಟರ ಮನೆಗೆ ಹೋಗಿಬಿಡಿ, ಅದರಲ್ಲಿ ಸೋಲು ಏನೂ ಇಲ್ಲ. ಮಂಚದ ಕೆಳಗೆ ಸೇರಿದರೆ ಎಳೆಯಬೇಡಿ. ಅವನಾಗಿ ಹುಡುಕಿಕೊಂಡ ಜಾಗ ಅದು. ಒಂದು ದಿಂಬು, ನೀರಿನ ಬಾಟಲಿ ಅಲ್ಲಿಗೇ ತಳ್ಳಿ. ಆ ಹೊತ್ತಿನಲ್ಲಿ "ಏನಾತೋ, ಯಾಕೋ, ಹೇಳೋ" ಅಂತ ಕೇಳಬೇಡಿ, ನಿಮ್ಮ ಮಾತೂ ಅವನಿಗೆ ಇನ್ನೊಂದು ಸದ್ದೇ. "ರೂಢಿ ಆಗ್ಲಿ ಬಿಡ್ರಿ" ಅಂತ ಹಲಗಿ ಮುಂದೆ ಎತ್ತಿಕೊಂಡು ಹೋಗಿ ನಿಲ್ಲಿಸುವ ಕಾಕಾ ಒಬ್ಬರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರನ್ನು ಮಾತ್ರ ದೂರ ಇಡಿ. ರೂಢಿ ಆಗುವುದಿಲ್ಲ, ಹೆದರಿಕೆ ಹೆಚ್ಚಾಗುತ್ತದೆ.

ಹಿಂದೆ ಇಲ್ಲದ ತೊಂದರೆ ಈಗ ದಿಢೀರ್ ಅಂತ ಶುರುವಾಗಿದ್ದರೆ ಮಾತ್ರ ಕಿವಿ ಡಾಕ್ಟರಿಗೆ ತೋರಿಸಿ. ಕಿವಿ ಸೋಂಕು ಆಗಿರಲೂಬಹುದು.

ಪ್ರಶ್ನೆ: ನಮಸ್ಕಾರ್ರಿ. ನಮ್ಮದು ನೇಕಾರರ ಮನೆ, ಮಗ್ಗದ ಸದ್ದು ಮುಂಜಾನೆಯಿಂದ ರಾತ್ರಿಯವರೆಗೆ. ನನ್ನ ಮಗಳಿಗೆ ನಾಲ್ಕು ವರ್ಷ, ಮಾತು ಇನ್ನೂ ಬಂದಿಲ್ಲ. ಮಗ್ಗದ ಪಕ್ಕ ಆರಾಮ ಮಲಗುತ್ತಾಳೆ, ಹೆಸರು ಕರೆದರೆ ತಿರುಗುವುದಿಲ್ಲ. ನಿಂತಲ್ಲೇ ಗಿರಗಿರ ತಿರುಗುತ್ತಾಳೆ, ತಲೆ ಸುತ್ತುವುದೇ ಇಲ್ಲ. ಕಟ್ಟೆಯ ಮೇಲಿಂದ ಹಾರುತ್ತಾಳೆ. ಹೋದ ತಿಂಗಳು ಬಿಸಿ ಚಹಾ ಕೈ ಮೇಲೆ ಬಿದ್ದು ಗುಳ್ಳೆ ಎದ್ದರೂ ಅಳಲಿಲ್ಲ. ಎಲ್ಲರೂ ಗಟ್ಟಿ ಹುಡುಗಿ ಅನ್ನುತ್ತಾರೆ. ನನಗೆ ಹೆದರಿಕೆ.
(ಒಬ್ಬ ತಂದೆ, ಗದಗ-ಬೆಟಗೇರಿ)

ಉತ್ತರ: ನೀವು ಹೆದರಿದ್ದೇ ಒಳ್ಳೆಯದಾಯಿತು. ಮೊದಲನೆಯ ಪತ್ರದ ಹುಡುಗನಿಗೆ ಸದ್ದು ಜಾಸ್ತಿ ತಾಗುತ್ತದೆ, ನಿಮ್ಮ ಮಗಳಿಗೆ ನೋವು, ಗಿರಗಿರ ತಿರುಗುವುದು ಇವೆಲ್ಲ ಕಮ್ಮಿ ತಾಗುತ್ತಿರಬಹುದು. ಒಂದೇ ಮಗುವಿನಲ್ಲಿ ಎರಡೂ ಇರುವುದುಂಟು, ಸದ್ದು ಜಾಸ್ತಿ, ನೋವು ಕಮ್ಮಿ, ಹೀಗೆ.

ಆದರೆ ಥೆರಪಿಗಿಂತ ಮೊದಲು ಕಿವಿ ಪರೀಕ್ಷೆ. ಮಾತು ತಡವಾದ, ಹೆಸರಿಗೆ ತಿರುಗದ ಯಾವ ಮಗುವಿಗೂ ಇದು ಆಗಲೇಬೇಕು. ಇಷ್ಟು ಸಣ್ಣ ಮಕ್ಕಳಿಗೆ ಬೆರಾ ಅಂತ ಒಂದು ಟೆಸ್ಟ್ ಇದೆ. ಮಗು ಮಲಗಿದ್ದಾಗ ತಲೆಗೆ ಸಣ್ಣ ತಂತಿ ಅಂಟಿಸಿ, ಕಿವಿಯ ಸದ್ದು ಮಿದುಳಿನ ಬುಡದವರೆಗೆ ಹೋಗುತ್ತಿದೆಯಾ ಅಂತ ನೋಡುತ್ತಾರೆ. ನೋವಾಗುವುದಿಲ್ಲ. ಆಟಿಸಂ ಅಂತ ಪತ್ರದಲ್ಲಿ ನೀವು ಎಲ್ಲೂ ಬರೆದಿಲ್ಲ, ಅಂದರೆ ಇನ್ನೂ ಯಾರೂ ನೋಡಿಲ್ಲ ಅಂತ ಕಾಣುತ್ತದೆ. ಅಂಗನವಾಡಿ, ಶಾಲೆಗಳಿಗೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡದ ಡಾಕ್ಟರು ಬರುತ್ತಾರಲ್ಲ, ಅವರಿಗೆ ಹೇಳಿ. ಇಂಥ ಮಕ್ಕಳನ್ನು ಅವರು ಜಿಲ್ಲಾ ಮಟ್ಟದ ಡಿಇಐಸಿಗೆ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ನೋಡುವ ಕೇಂದ್ರಕ್ಕೆ ಕಳಿಸುತ್ತಾರೆ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಕೂಡ ನಿಮಗೆ ದೂರ ಅಲ್ಲ.

ತಿರುಗುವುದು, ಹಾರುವುದು ಯಾಕೆ ಅಂದರೆ, ಶಾಲೆಯಲ್ಲಿ ಕಲಿತ ಐದು ಇಂದ್ರಿಯಗಳ ಜೊತೆ ಇನ್ನೂ ಮೂರನ್ನು ನಾವು ಲೆಕ್ಕಕ್ಕೆ ಹಿಡಿಯುತ್ತೇವೆ. ಒಳಗಿವಿಯಲ್ಲಿರುವ ತೂಗಾಟ ಸಮತೋಲನದ್ದು ಒಂದು. ಕೈಕಾಲು ಎಲ್ಲಿವೆ, ಎಷ್ಟು ಒತ್ತಡ ಬೀಳುತ್ತಿದೆ ಅಂತ ಸ್ನಾಯು ಮತ್ತು ಕೀಲುಗಳಿಂದ ತಿಳಿಯುವುದು ಇನ್ನೊಂದು. ಹಸಿವು, ಬಾಯಾರಿಕೆ, ಮೂತ್ರ ಬಂತು ಅಂತ ಒಳಗಿನಿಂದ ಗೊತ್ತಾಗುವುದು ಮೂರನೆಯದು. ನಿಮ್ಮ ಮಗಳಿಗೆ ಮೊದಲೆರಡರ ಸುದ್ದಿ ಸಾಕಾಗುತ್ತಿಲ್ಲ ಅನ್ನಿಸುತ್ತದೆ, ಅದಕ್ಕೇ ಹಾರಿ, ತಿರುಗಿ ತಾನೇ ಜಾಸ್ತಿ ಮಾಡಿಕೊಳ್ಳುತ್ತಾಳೆ. ಬೈದು ನಿಲ್ಲಿಸಿದರೆ ಇನ್ನೊಂದು ಕಡೆಯಿಂದ ಹಾರುತ್ತಾಳೆ. ಅದರ ಬದಲು ಬೇಕಾದ್ದನ್ನು ನೀವೇ ಕೊಡಿ. ನಮ್ಮ ಕಡೆ ನಾಗರ ಪಂಚಮಿಗೆ ಜೋಕಾಲಿ ಕಟ್ಟಿ ಹಬ್ಬ ಮುಗಿದ ಮೇಲೆ ಬಿಚ್ಚುತ್ತೇವೆ. ನಿಮ್ಮ ಮನೆಯಲ್ಲಿ ಬಿಚ್ಚಬೇಡಿ. ಜಂತಿಗೆ ಗಟ್ಟಿ ಹಗ್ಗ, ಕೆಳಗೊಂದು ಗಾದಿ, ಮುಂದೆ ಹಿಂದೆ ನಿಧಾನ ತೂಗಿ. ಗಿರಗಿರ ತಿರುಗಿಸುವುದು ಬೇಡ, ಫಿಟ್ಸ್ ಬಂದ ಮಗುವಾದರೆ ಡಾಕ್ಟರನ್ನು ಕೇಳದೆ ಜೋಕಾಲಿಯೂ ಬೇಡ. ಅವ್ವ ರೊಟ್ಟಿ ಬಡಿಯುವಾಗ ಒಂದು ಮುಷ್ಟಿ ಹಿಟ್ಟು ಇವಳಿಗೂ ಕೊಡಿ, ನಾದಲಿ, ಗುದ್ದಲಿ, ಬಡಿಯಲಿ. ಸಣ್ಣ ತಂಬಿಗೆಯಲ್ಲಿ ನೀರು ತುಂಬಿ ಅಂಗಳದ ಗಿಡಕ್ಕೆ ಹಾಕಿಸಿ. ಇದೆಲ್ಲ ಸುಮ್ನೆ ಕಾಲ ಕಳೆಯುವುದಲ್ಲ, ಇದೇ ಕೆಲಸಕ್ಕೆ ಸೆಂಟರಿನಲ್ಲಿ ದುಡ್ಡು ತಗೊಳ್ಳುತ್ತೇವೆ.

ನೋವು ಗೊತ್ತಾಗದಿರುವುದು ಇದಕ್ಕಿಂತ ದೊಡ್ಡದು. ದಿನಾ ಸ್ನಾನ ಮಾಡಿಸುವಾಗ ತಲೆಯಿಂದ ಪಾದದವರೆಗೆ ಮೈ ನೋಡಿ, ಗಾಯ, ಸುಟ್ಟಿದ್ದು, ಬಾವು. ಹಲ್ಲು ನೋಡಿ. ಇಂಥ ಮಕ್ಕಳಲ್ಲಿ ಹುಳುಕು ಹಲ್ಲು, ಕಿವಿ ಸೋರುವುದು ಹೊರಗೆ ಗೊತ್ತೇ ಆಗುವುದಿಲ್ಲ. ಊಟ ಬಿಟ್ಟರೆ, ತಲೆ ಗೋಡೆಗೆ ಹೊಡೆದುಕೊಂಡರೆ, ರಾತ್ರಿ ಎದ್ದು ಕೂತರೆ ಎಲ್ಲೋ ನೋವಿದೆ ಅಂತಲೇ ತಿಳಿದು ತೋರಿಸಿ. ಮಾಳಿಗೆ ಬಾಗಿಲಿಗೆ ಚಿಲಕ ಮೇಲೆ ಹಾಕಿಸಿ, ನಾಳೆ ಅಲ್ಲ, ಇವತ್ತೇ. ಗಟ್ಟಿ ಹುಡುಗಿ ಅನ್ನುವವರಿಗೆ ಏನೂ ಹೇಳಬೇಕಾಗಿಲ್ಲ.

ಪ್ರಶ್ನೆ: ನಾನು ಅಜ್ಜಿ. ಮೊಮ್ಮಗನಿಗೆ ಐದು ವರ್ಷ. ಬಿಳಿ ಅನ್ನ, ಮೊಸರು, ಬಿಸ್ಕೀಟು, ಚುರಮರಿ ಬಿಟ್ಟು ಬೇರೆ ಏನೂ ಮುಟ್ಟುವುದಿಲ್ಲ. ಅನ್ನದಲ್ಲಿ ಒಂದು ಸಾಸಿವೆ ಕಾಳು ಕಂಡರೆ ತಾಟು ಒಗೆಯುತ್ತಾನೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಮನೆ ಹೊರಗೆ ಬಂದರೆ ವಾಂತಿ. ಪಲ್ಲೆ ರುಬ್ಬಿ ಮೊಸರನ್ನದಲ್ಲಿ ಮುಚ್ಚಿ ಕೊಟ್ಟೆ, ಈಗ ಮೊಸರನ್ನವನ್ನೂ ಬಿಟ್ಟ. ಉಪವಾಸ ಕೆಡವಿದರೆ ತಾನೇ ತಿನ್ನುತ್ತಾನೆ ಅನ್ನುತ್ತಾರೆ, ಕೆಡವಲಾ?
(ಬ್ಯಾಡಗಿ)

ಉತ್ತರ: ಬೇಡಿ ಅಜ್ಜಿ, ಕೆಡವಬೇಡಿ. ಬೇರೆ ಮಕ್ಕಳು ಹಸಿದರೆ ತಿನ್ನುತ್ತಾರೆ. ಈ ಮಕ್ಕಳಲ್ಲಿ ಕೆಲವರಿಗೆ ಹಸಿವೇ ಸರಿಯಾಗಿ ಗೊತ್ತಾಗುವುದಿಲ್ಲ, ಸೊರಗುತ್ತಾರೆ ಅಷ್ಟೇ. ಬ್ಯಾಡಗಿ ಮಾರ್ಕೆಟ್ಟಿನ ಘಾಟಿಗೆ ದೊಡ್ಡವರೇ ಸೀನಿ ಕಣ್ಣೀರು ಒರೆಸಿಕೊಳ್ಳುತ್ತಾರೆ, ಅವನ ಮೂಗಿಗೆ ಅದು ಇನ್ನೆಷ್ಟೋ ಪಟ್ಟು ಅಂತ ಇಟ್ಟುಕೊಳ್ಳಿ. ಸುಗ್ಗಿ ದಿನಗಳಲ್ಲಿ ಅವನನ್ನು ಹೊರಗೆ ಕರೆದುಕೊಂಡು ಹೋಗುವ ಹೊತ್ತು, ದಾರಿ ಬದಲಾಯಿಸಿ, ಸಾಕು.

ಅವನು ತಿನ್ನುವ ನಾಲ್ಕನ್ನೂ ನೋಡಿ. ಅನ್ನ, ಮೊಸರು ಮೆತ್ತಗೆ, ಬಾಯಲ್ಲಿ ಎಲ್ಲೂ ತಡೆಯುವುದಿಲ್ಲ. ಬಿಸ್ಕೀಟು, ಚುರಮರಿ ಗರಿಗರಿ, ಪ್ರತಿ ತುತ್ತೂ ಒಂದೇ ಥರ. ಬದನೆಕಾಯಿ ಪಲ್ಲೆ ಹಾಗಾ? ಒಂದು ತುತ್ತಿಗೆ ಸಿಪ್ಪೆ, ಇನ್ನೊಂದಕ್ಕೆ ಬೀಜ, ಮತ್ತೊಂದಕ್ಕೆ ಶೇಂಗಾ ಪುಡಿ. ನಮಗೆ ಅದೇ ರುಚಿ, ಅವನಿಗೆ ಅದೇ ದಿಗಿಲು. ಮುಚ್ಚಿ ಕೊಟ್ಟಿದ್ದು ತಪ್ಪಾಯಿತು, ಮೊಸರನ್ನದ ಮೇಲಿದ್ದ ನಂಬಿಕೆ ಹೋಯಿತು. ಕೆಲವು ವಾರ ಒಗ್ಗರಣೆ ಇಲ್ಲದ, ಏನೂ ಬೆರೆಸದ ಮೊಸರನ್ನ ಮಾತ್ರ ಕೊಡಿ, ಅದು ಮೊದಲು ವಾಪಸ್ ಬರಲಿ. ಆಮೇಲೆ ಅವನಿಗೆ ಇಷ್ಟ ಆದದ್ದಕ್ಕೆ ಹತ್ತಿರ ಇರುವುದನ್ನು ಹುಡುಕಿ. ಚುರಮರಿಯಿಂದ ಅವಲಕ್ಕಿ ಹುರಿದದ್ದಕ್ಕೆ, ಬಿಸ್ಕೀಟಿನಿಂದ ಕಡಕ್ ರೊಟ್ಟಿಯ ಸಣ್ಣ ಚೂರಿಗೆ. ಪಕ್ಕದ ಬೇರೆ ಬಟ್ಟಲಲ್ಲಿ ಇಡಿ, ತಾಟಿನಲ್ಲಿ ಬೇಡ. ತಿನ್ನು ಅನ್ನಬೇಡಿ. ಮೂಸಿ ನೋಡಿದರೂ, ಬೆರಳಿಂದ ಮುಟ್ಟಿದರೂ ಆ ದಿನಕ್ಕೆ ಅದೇ ದೊಡ್ಡದು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ತೂಕ ಇಳಿಯುತ್ತಿದ್ದರೆ, ಹತ್ತಕ್ಕಿಂತ ಕಮ್ಮಿ ಪದಾರ್ಥ ತಿನ್ನುತ್ತಿದ್ದು ಅದೂ ಕಮ್ಮಿಯಾಗುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ರಕ್ತದಲ್ಲಿ ಕಬ್ಬಿಣಾಂಶ ನೋಡಿಸಿ. ನಿಮ್ಮ ಮೊಮ್ಮಗನದು ನಾಲ್ಕಕ್ಕೆ ಬಂದು, ಅದರಲ್ಲೂ ಒಂದು ಹೋಗಿದೆ. ಈ ವಾರವೇ ತೋರಿಸಿ.

ಪ್ರಶ್ನೆ: ಎರಡನೇ ತರಗತಿಯಲ್ಲಿ ಆಟಿಸಂ ಇರುವ ಒಬ್ಬ ಹುಡುಗ ಇದ್ದಾನೆ. ಪ್ರಾರ್ಥನೆ ಸಾಲಿನಲ್ಲಿ ಯಾರಾದರೂ ಸ್ವಲ್ಪ ತಾಗಿದರೆ ಹೊಡೆಯುತ್ತಾನೆ. ಸಾಕ್ಸ್ ಕಿತ್ತು ಒಗೆಯುತ್ತಾನೆ. ಬೇರೆ ಪಾಲಕರಿಂದ ದೂರು.
(ಒಬ್ಬ ಶಿಕ್ಷಕಿ, ಧಾರವಾಡ)

ಉತ್ತರ: ಟೀಚರ್, ಹಗುರ ತಾಗುವುದೇ ಅವನಿಗೆ ಕಷ್ಟ, ಗಟ್ಟಿಯಾಗಿ ಹಿಡಿದರೆ ಅಷ್ಟು ತೊಂದರೆ ಇಲ್ಲದಿರಬಹುದು. ಸಾಲಿನ ಕೊನೆಗೆ ನಿಲ್ಲಿಸಿ, ಹಿಂದಿನಿಂದ ಯಾರೂ ತಾಗುವುದಿಲ್ಲ. ತರಗತಿಯಲ್ಲಿ ಗೋಡೆ ಪಕ್ಕ ಕೂರಿಸಿ, ಬಾಗಿಲ ಹತ್ತಿರ ಬೇಡ. ಹಿಂದಿನಿಂದ ಬಂದು ಬೆನ್ನು ತಟ್ಟಬೇಡಿ, ಎದುರಿಗೆ ಬಂದು ಹೆಸರು ಹೇಳಿ. ಪ್ರಾರ್ಥನೆ ಮುಗಿದ ಮೇಲೆ ನೋಟ್‌ಬುಕ್ಕಿನ ಕಟ್ಟು ಹೊತ್ತು ಸ್ಟಾಫ್ ರೂಮಿಗೆ ತಲುಪಿಸುವ ಕೆಲಸ ಅವನಿಗೇ ಕೊಡಿ. ಭಾರ ಹೊತ್ತ ಮೇಲೆ ಎಷ್ಟೋ ಮಕ್ಕಳು ಸ್ವಲ್ಪ ಹೊತ್ತು ಕೂರುತ್ತಾರೆ. ಸಾಕ್ಸ್ ಬೆರಳ ತುದಿಯ ಹೊಲಿಗೆ ಚುಚ್ಚುತ್ತಿರುತ್ತದೆ, ತಿರುಗಿಸಿ ಹಾಕಿಸಲು ಅಮ್ಮನಿಗೆ ಹೇಳಿ, ಕಾಲರ್ ಲೇಬಲ್ ಕತ್ತರಿಸಲಿ. ಹೆಡ್‌ಮಾಸ್ತರು ಯೂನಿಫಾರಂ ನಿಯಮ ಅಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಇದೆ, ಮಗುವಿಗೆ ಬೇಕಾದ ಇಂಥ ಹೊಂದಾಣಿಕೆ ಶಾಲೆ ಮಾಡಿಕೊಡಬೇಕು ಅಂತಲೂ ಅದರಲ್ಲಿದೆ ಅನ್ನಿ. ಸಾಕ್ಸ್ ಇಲ್ಲದೆ ಚಪ್ಪಲಿ ಹಾಕಿದರೆ ಮಗ್ಗಿ ತಪ್ಪುವುದಿಲ್ಲ.

ಪ್ರಶ್ನೆ: ಒಂದು ಸೆಂಟರಿನವರು ಆರು ತಿಂಗಳ 'ಸೆನ್ಸರಿ ಪ್ಯಾಕೇಜ್'ಗೆ ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಭಾರದ ಹೊದಿಕೆಯೂ ಅದರಲ್ಲೇ ಬರುತ್ತದಂತೆ. ಆಟಿಸಂ ಪೂರ್ತಿ ಹೋಗುತ್ತದೆ ಅಂತಾರೆ. ಸಾಲ ಮಾಡಲಾ?
(ರಾಣೆಬೆನ್ನೂರು)

ಉತ್ತರ: ಮಾಡಬೇಡಿ. ಪೂರ್ತಿ ಹೋಗುತ್ತದೆ ಅಂದ ಕಡೆ ಚಪ್ಪಲಿ ಹಾಕಿಕೊಂಡು ಹೊರಡಿ. ತೂಗುವುದು, ಒತ್ತುವುದು, ಮುಟ್ಟಿಸುವುದು ಇಂಥ ಆಟಗಳಿಂದ ಇಂದ್ರಿಯಗಳ ಸುದ್ದಿಯನ್ನು ಹೊಂದಿಸಲು ನೋಡುವ ಸೆನ್ಸರಿ ಇಂಟಿಗ್ರೇಷನ್ ಥೆರಪಿಯನ್ನು ಶುರು ಮಾಡಿದವರು ಜೀನ್ ಏರ್ಸ್ ಎಂಬ ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್. ನಾನೂ ಅದೇ ದಾರಿಯವಳು, ಆದರೂ ಹೇಳುತ್ತೇನೆ. ಇದರಿಂದ ಕೆಲವು ಮಕ್ಕಳಿಗೆ ಬಟ್ಟೆ ಹಾಕುವುದು, ಹಲ್ಲುಜ್ಜುವುದು, ಕೂರುವುದು ಸುಲಭ ಆಗುತ್ತದೆ. ಪುರಾವೆ ಇನ್ನೂ ಸೀಮಿತ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಹೇಳಿದೆ, ಪಾಲಕರಿಗೆ ಅದನ್ನು ತಿಳಿಸಿ ಅಂತಲೂ ಹೇಳಿದೆ. ಹೋಗುವುದಾದರೆ ಪ್ಯಾಕೇಜ್ ಬೇಡ, ತಿಂಗಳ ಲೆಕ್ಕ. ಮೊದಲ ದಿನವೇ ಕೇಳಿ, 'ಮೂರು ತಿಂಗಳಲ್ಲಿ ಮನೆಯಲ್ಲಿ ಏನು ಬದಲಾಗಬೇಕು?' ಅಂತ. 'ಸೆನ್ಸರಿ ಬ್ಯಾಲೆನ್ಸ್ ಆಗುತ್ತದೆ' ಅನ್ನುವುದು ಉತ್ತರ ಅಲ್ಲ. 'ಅಳದೆ ಅಂಗಿ ಹಾಕಿಕೊಳ್ಳುತ್ತಾನೆ' ಅನ್ನುವುದು ಉತ್ತರ. ಆಟಿಸಂ ವಾಸಿ ಮಾಡುತ್ತೇವೆ ಅಂತ ಸ್ಟೆಮ್ ಸೆಲ್ (ಮೂಲಕೋಶ) ಚುಚ್ಚುವವರ ಕಡೆಯಂತೂ ತಿರುಗಿಯೂ ನೋಡಬೇಡಿ.

ಭಾರದ ಹೊದಿಕೆಯ ವಿಷಯ ಸ್ವಲ್ಪ ಬೇರೆ. ಟೆಂಪಲ್ ಗ್ರ್ಯಾಂಡಿನ್ ಅನ್ನುವ, ಆಟಿಸಂ ಇರುವ ಅಮೆರಿಕದ ಪ್ರಾಣಿವಿಜ್ಞಾನಿ ಹರೆಯದಲ್ಲಿ ತಮ್ಮ ಚಿಕ್ಕಮ್ಮನ ಫಾರ್ಮಿನಲ್ಲಿ ದನಗಳನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಕಟಾಂಜನ ನೋಡಿದರು. ನಮ್ಮ ಪಶು ಆಸ್ಪತ್ರೆಗಳ ಮುಂದೆ ದನ ನಿಲ್ಲಿಸುತ್ತಾರಲ್ಲ, ಆ ಥರದ್ದು. ಅದರೊಳಗೆ ದನಗಳು ಸುಮ್ಮನಾಗುವುದನ್ನು ಕಂಡು ತಮಗೇ ಅಂಥದ್ದೊಂದು ಮಾಡಿಕೊಂಡರು. ಹೀಗೆ ಗಟ್ಟಿ ಒತ್ತಡ ಕೆಲವರಿಗೆ ಹಿತ. ನಿದ್ದೆ ಮಾತ್ರ ಇದರಿಂದ ಜಾಸ್ತಿ ಆಗುವುದಿಲ್ಲ. ಬ್ರಿಟನ್ನಿನಲ್ಲಿ ಮಕ್ಕಳಿಗೆ ಕೊಟ್ಟು ಅಳೆದು ನೋಡಿ 2014ರಲ್ಲಿ ಪ್ರಕಟಿಸಿದ್ದಾರೆ, ನಿದ್ದೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಮಕ್ಕಳಿಗೆ ಹೊದಿಕೆ ಇಷ್ಟವಾಯಿತು ಅಷ್ಟೇ. ಅಷ್ಟಕ್ಕೆ ನಿಮ್ಮ ಟ್ರಂಕಿನಲ್ಲಿರುವ ಕೌದಿ ಸಾಕು. ಹಳೇ ಸೀರೆ ಪದರು ಪದರು ಹಾಕಿ ಹೊಲಿದದ್ದು, ಭಾರವೂ ಇರುತ್ತದೆ, ಅಮ್ಮನ ವಾಸನೆಯೂ ಇರುತ್ತದೆ. ಮಗು ತಾನೇ ತೆಗೆದು ಒಗೆಯುವಷ್ಟು ಭಾರ ಇರಲಿ, ಮುಖಕ್ಕೆ ಬೇಡ, ಕೂಸುಗಳಿಗೆ ಬೇಡವೇ ಬೇಡ.

ದುಡ್ಡು ಖರ್ಚು ಮಾಡುವುದಕ್ಕಿಂತ ಮೊದಲು ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಮಾಡಿಸಿ. ಆಮೇಲೆ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಿ, 1 ಲಕ್ಷ ರೂಪಾಯಿವರೆಗೆ ಇದೆ, ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು ಇದೆ.

ಪ್ರಶ್ನೆ: ಕ್ಷೌರ ಮಾಡಿಸಲು ಇಬ್ಬರು ಹಿಡಿಯಬೇಕು. ಏನಾದರೂ ಉಪಾಯ?
(ಶಿಗ್ಗಾಂವಿ)

ಉತ್ತರ: ಹಿಡಿಯುವುದನ್ನು ಬಿಡುವುದೇ ಮೊದಲ ಉಪಾಯ. ಟ್ರಿಮ್ಮರ್ ಬೇಡ, ಕತ್ತರಿ. ನೀರಿನ ಸ್ಪ್ರೇ ಬೇಡ. ಕುತ್ತಿಗೆಗೆ ಬಿದ್ದ ಕೂದಲ ಚೂರು ಚುಚ್ಚುತ್ತದೆ, ಸ್ನಾನಕ್ಕೆ ಮೊದಲು ಮನೆಯಲ್ಲೇ ಕೂರಿಸಿ, ಮುಗಿದ ಕೂಡಲೇ ನೀರು ಹಾಕಿ. ಹತ್ತರವರೆಗೆ ಎಣಿಸಿ ನಾಲ್ಕು ಸಲ ಕತ್ತರಿ ಆಡಿಸಿ, ನಿಲ್ಲಿಸಿ, ಮತ್ತೆ ಎಣಿಸಿ. ಎಣಿಸುವುದು ಮಗುವೇ ಮಾಡಿದರೆ ಇನ್ನೂ ಒಳ್ಳೆಯದು. ಮಲಗಿದ್ದಾಗ ಕತ್ತರಿಸಬೇಡಿ, ಆಮೇಲೆ ಮಲಗಲೂ ಹೆದರುತ್ತಾನೆ. ಒಂದೇ ದಿನಕ್ಕೆ ಮುಗಿಯದಿದ್ದರೆ ಇವತ್ತು ಎಡಗಡೆ, ನಾಳೆ ಬಲಗಡೆ. ಒಂದು ದಿನ ನೋಡಲು ತಮಾಷೆಯಾಗಿ ಕಾಣುತ್ತಾನೆ, ಕಾಣಲಿ ಬಿಡಿ.